ಕಿಟಕಿ ದಾಟದ ಬಿಸಿ: ಎರಡು ಕಾರ್ಡಿನ ಮೆಷಿನ್ ರಾತ್ರಿಯಿಡೀ ಓಡಬೇಕೆಂದರೆ

ಪ್ರಶ್ನೆ: ನಾನು ಬನಶಂಕರಿಯಲ್ಲಿ ಮನೆಯಿಂದಲೇ ಇಂಟೀರಿಯರ್ ವಾಕ್‌ಥ್ರೂ (ಮನೆಯೊಳಗೆ ಓಡಾಡಿದಂತೆ ತೋರಿಸುವ 3ಡಿ ವಿಡಿಯೋ) ಮಾಡಿಕೊಡುತ್ತೇನೆ. ಮೆಷಿನ್ನಿನಲ್ಲಿ ಎರಡು ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡ್, ರೈಜೆನ್ 5950ಎಕ್ಸ್ ಪ್ರೊಸೆಸರ್, 1000 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ಇದೆ. ರೂಮು ಮೂರನೇ ಮಹಡಿಯಲ್ಲಿ, ತಾರಸಿಯ ಕೆಳಗೇ, ಹತ್ತಡಿಗೆ ಹತ್ತಡಿ. ಮೊನ್ನೆ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ 900 ಫ್ರೇಮ್‌ಗಳ ರೆಂಡರ್ (ಸೀನನ್ನು ಒಂದೊಂದೇ ಚಿತ್ರವಾಗಿ ತೆಗೆಯುವ ಕೆಲಸ) ಹಚ್ಚಿ, ಸೊಳ್ಳೆ ಬರುತ್ತದೆಂದು ಕಿಟಕಿ ಮುಚ್ಚಿ, ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿಕೊಂಡು ಬಂದೆ. ಮೊದಮೊದಲು ಫ್ರೇಮಿಗೆ ಎರಡೂವರೆ ನಿಮಿಷ ಹಿಡಿಯುತ್ತಿತ್ತು. ಬೆಳಿಗ್ಗೆ ನೋಡಿದರೆ 120ನೇ ಫ್ರೇಮಿನ ಹತ್ತಿರ ಸ್ಕ್ರೀನ್ ನಿಂತುಹೋಗಿತ್ತು. ವಿಡಿಯೋ ಫೈಲ್ ತೆರೆಯಲೇ ಇಲ್ಲ. ಮತ್ತೆ ಓಡಿಸಿ ನೋಡಿದಾಗ ಮೇಲಿನ ಕಾರ್ಡ್ 86 ಡಿಗ್ರಿ, ಅದರ ಮೆಮೊರಿ 110 ಡಿಗ್ರಿ, ಕೆಳಗಿನ ಕಾರ್ಡ್ 72 ತೋರಿಸಿತು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟೆ. ಅರ್ಧ ಗಂಟೆ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ವಾಟರ್ ಕೂಲಿಂಗ್ ಮಾಡಿಸಬೇಕಾ? ಎಸಿ ಹಾಕಿಸಬೇಕಾ? ಶುಕ್ರವಾರ ರೆಂಡರ್ ಹಚ್ಚಿ ಎರಡು ದಿನ ತಿಪಟೂರಿಗೆ ಹೋಗಿಬರಬಹುದಾ?

ಉತ್ತರ: ಟೇಬಲ್ ಫ್ಯಾನ್ ಇಟ್ಟ ಮೇಲೆ ಅರ್ಧ ಗಂಟೆ ಚೆನ್ನಾಗಿತ್ತು ಅಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಆ ಸಾಲು. ಫ್ಯಾನು ಕಾರ್ಡಿನ ಬಿಸಿಯನ್ನು ಕ್ಯಾಬಿನೆಟ್ಟಿನಿಂದ ರೂಮಿಗೆ ತಳ್ಳಿತು. ರೂಮು ತುಂಬುವವರೆಗೆ ಕಾರ್ಡು ತಣ್ಣಗಿತ್ತು. ತುಂಬಿದ ಮೇಲೆ ಅದೇ ಬಿಸಿ ಗಾಳಿಯನ್ನು ಫ್ಯಾನು ಮತ್ತೆ ಕಾರ್ಡಿಗೆ ಊದಿತು. ಹಾಗಾಗಿ ತೊಂದರೆ ಇರುವುದು ಬರೀ ಕಾರ್ಡಿನಲ್ಲಲ್ಲ. ಬಿಸಿಗೆ ರೂಮಿನಿಂದ ಹೊರಗೆ ಹೋಗಲು ದಾರಿಯೇ ಇಲ್ಲ.

ಲೆಕ್ಕ ಹಾಕೋಣ. ಒಂದು 3090 ಪೂರ್ತಿ ಓಡಿದಾಗ 350 ವ್ಯಾಟ್ ಎಳೆಯುತ್ತದೆ. ಎರಡಕ್ಕೆ 700. ಸಿಪಿಯು, ಮದರ್‌ಬೋರ್ಡ್, ಫ್ಯಾನು, ಎಸ್‌ಎಂಪಿಎಸ್‌ನಲ್ಲಿ ಪೋಲಾಗುವುದು ಎಲ್ಲ ಸೇರಿಸಿದರೆ ಪ್ಲಗ್ಗಿನಿಂದ ಹೆಚ್ಚುಕಡಿಮೆ 1000 ವ್ಯಾಟ್. ಈ ಕರೆಂಟು ಕೊನೆಗೆ ಒಂದು ಚೂರೂ ಉಳಿಯದೆ ಬಿಸಿಯಾಗುತ್ತದೆ. ಅಂದರೆ ನೀವು ಏಪ್ರಿಲ್ ತಿಂಗಳಲ್ಲಿ, ಕಿಟಕಿ ಮುಚ್ಚಿದ ಪುಟ್ಟ ರೂಮಿನಲ್ಲಿ, ಸಾವಿರ ವ್ಯಾಟಿನ ರೂಮ್ ಹೀಟರ್ ಹಚ್ಚಿಟ್ಟು ಮಲಗಿದ್ದೀರಿ. ನಿಮ್ಮ ರೂಮಿನಲ್ಲಿರುವ ಗಾಳಿಯ ತೂಕ ಸುಮಾರು 30 ಕಿಲೋ. ಗೋಡೆಗಳು ಏನನ್ನೂ ಹೀರಿಕೊಳ್ಳದಿದ್ದರೆ ಆ ಗಾಳಿ ನಿಮಿಷಕ್ಕೆ ಎರಡು ಡಿಗ್ರಿಯಂತೆ ಏರುತ್ತಿತ್ತು. ಗೋಡೆಗಳು ಹೀರುತ್ತವೆ, ಅದರಿಂದ ನಿಧಾನವಾಗುತ್ತದೆ. ಆದರೆ ನಿಮ್ಮ ತಲೆಯ ಮೇಲಿನ ತಾರಸಿ ಹಗಲೆಲ್ಲ ಬಿಸಿಲು ಕುಡಿದು, ಮಧ್ಯರಾತ್ರಿಯವರೆಗೂ ಅದನ್ನು ಕೆಳಗೆ ಬಿಡುತ್ತಿರುತ್ತದೆ. ಅದು ನಿಮ್ಮ ಬಿಸಿಯನ್ನು ಎಲ್ಲಿ ತೆಗೆದುಕೊಳ್ಳುತ್ತದೆ?

ಇನ್ನೊಂದು ವಿಷಯ ನೆನಪಿಡಿ. ಫ್ಯಾನಿನ ವೇಗ ಬದಲಾಗದಿದ್ದರೆ ಕಾರ್ಡಿನ ಬಿಸಿ ಅಂದರೆ, ಒಳಗೆ ಹೋಗುವ ಗಾಳಿಯ ಬಿಸಿ, ಅದರ ಮೇಲೆ ಒಂದು ಏರಿಕೆ. ಗಾಳಿ ಹತ್ತು ಡಿಗ್ರಿ ಏರಿದರೆ ಕಾರ್ಡಿನ ಮುಖ್ಯ ಚಿಪ್ಪೂ ಹತ್ತಿರ ಹತ್ತಿರ ಹತ್ತು ಡಿಗ್ರಿ ಏರುತ್ತದೆ. ಡಿಸೆಂಬರಿನಲ್ಲಿ ಇದೇ ಮೆಷಿನ್ ಚೆನ್ನಾಗಿ ಓಡಿರಬೇಕು, ಅಲ್ವಾ? ಪ್ರೋಬ್ ಇರುವ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ತಂದು, ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಗಾಳಿ ಒಳಗೆ ಹೋಗುವ ಕಡೆ ಅಂಟಿಸಿ. ಬೇರೆ ಯಾವ ಸಾಮಾನು ಕೊಳ್ಳುವ ಮುಂಚೆಯೂ ಇದನ್ನು ಕೊಳ್ಳಿ. ಅಲ್ಲಿ 38 ತೋರಿಸುತ್ತಿದ್ದರೆ ಎಷ್ಟು ದುಬಾರಿ ಕೂಲರ್ ಹಾಕಿದರೂ ಪ್ರಯೋಜನ ಕಡಿಮೆ.

ಬೆಂಗಳೂರಿನ ಗಾಳಿಯ ಬಗ್ಗೆಯೂ ಒಂದು ಮಾತು. ನಾವು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದೇವೆ. ಅಷ್ಟೇ ಬಿಸಿಯ ಗಾಳಿ ಮಂಗಳೂರಿಗಿಂತ ಇಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಬಿಸಿ ಅಷ್ಟು ಕಡಿಮೆ. ಇದಕ್ಕೆ ಪ್ರತಿಯಾಗಿ ನಮಗೊಂದು ಅನುಕೂಲ ಇದೆ. ನಮ್ಮ ರಾತ್ರಿಗಳು ತಂಪು. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ಮುಟ್ಟಿತ್ತು, ನಿಜ. ಆದರೆ ಬೇಸಿಗೆಯಲ್ಲೂ ಬೆಳಗಿನ ಜಾವ ಹೊರಗಡೆ ಇಪ್ಪತ್ತೆರಡು, ಇಪ್ಪತ್ಮೂರಕ್ಕೆ ಇಳಿಯುತ್ತದೆ. ಮುಚ್ಚಿದ ಕಿಟಕಿಯ ಆಚೆ ಅಷ್ಟು ತಣ್ಣನೆಯ ಗಾಳಿ ಪುಕ್ಕಟೆ ಇದ್ದಾಗ, ಒಳಗೆ ನಿಮ್ಮ ಕಾರ್ಡು ಬೇಯುತ್ತಿತ್ತು ಅನ್ನುವುದೇ ನನಗೆ ಬೇಸರ.

ಈಗ ಏನು ಮಾಡಬೇಕು ನೋಡೋಣ. ಬಿಸಿಯನ್ನು ಓಡಿಸುವ ಮುಂಚೆ ಕಡಿಮೆ ಹುಟ್ಟುವಂತೆ ಮಾಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ಎರಡೂ ಕಾರ್ಡುಗಳ ಪವರ್ ಲಿಮಿಟ್ (ಎಳೆಯಬಹುದಾದ ವಿದ್ಯುತ್ತಿನ ಮಿತಿ) ನೂರಕ್ಕೆ 80ಕ್ಕೆ ಇಳಿಸಿ. ಅಂದರೆ ಕಾರ್ಡಿಗೆ 280 ವ್ಯಾಟ್. ಲಿನಕ್ಸ್‌ನಲ್ಲಿದ್ದರೆ ಎನ್ವಿಡಿಯಾ-ಎಸ್‌ಎಂಐ ಆದೇಶದಲ್ಲೇ ಇದನ್ನು ಹಾಕಬಹುದು, ಆದರೆ ಮೆಷಿನ್ ರೀಸ್ಟಾರ್ಟ್ ಆದಾಗ ಅದು ಹಳೆಯದಕ್ಕೇ ಮರಳುತ್ತದೆ. ಹಾಗಾಗಿ ಶುರುವಾಗುವಾಗಲೇ ಓಡುವಂತೆ ಇಡಿ. ವಿದ್ಯುತ್ತು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ವೇಗ ಮಾತ್ರ ಅಷ್ಟು ಬೀಳುವುದಿಲ್ಲ. ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತರ ಒಳಗೇ ಇರುತ್ತದೆ. ಯಾಕೆಂದರೆ ಕಾರ್ಡು ಕಾರ್ಖಾನೆಯಿಂದ ಬರುವಾಗಲೇ ಕೊನೆಯ ಚೂರು ವೇಗಕ್ಕಾಗಿ ಜಾಸ್ತಿ ವೋಲ್ಟೇಜ್ ಕುಡಿಯುವ ಹಾಗೆ ಹೊಂದಿಸಿರುತ್ತದೆ. ನಿಮ್ಮ 900 ಫ್ರೇಮ್‌ಗೆ ಸರಿಯಾಗಿ ಓಡಿದರೆ ಮೂವತ್ತೇಳೂವರೆ ಗಂಟೆ ಬೇಕು. ಲಿಮಿಟ್ ಹಾಕಿದರೆ ಎರಡು ಮೂರು ಗಂಟೆ ಜಾಸ್ತಿ ಹಿಡಿಯಬಹುದು. ನಿಮ್ಮ ಮೇಲಿನ ಕಾರ್ಡು ಬಿಸಿಗೆ ಹೆದರಿ ತಾನೇ ವೇಗ ಇಳಿಸಿಕೊಳ್ಳುತ್ತಿರುವುದರಿಂದ, ಲಿಮಿಟ್ ಹಾಕಿದ ಮೇಲೆ ಕೆಲಸ ಬೇಗ ಮುಗಿದರೂ ಆಶ್ಚರ್ಯವಿಲ್ಲ. ಪ್ಲಗ್ಗಿನ ಲೆಕ್ಕ 1000ದಿಂದ ಸುಮಾರು 850 ವ್ಯಾಟಿಗೆ ಬರುತ್ತದೆ. ಈ ಉತ್ತರದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಒಂದು ಪೈಸೆ ಖರ್ಚಿಲ್ಲ.

ಮೇಲಿನ ಕಾರ್ಡೇ ಯಾಕೆ ಜಾಸ್ತಿ ಬಿಸಿ? ಟವರ್ ಕ್ಯಾಬಿನೆಟ್ಟಿನಲ್ಲಿ ಕಾರ್ಡಿನ ಫ್ಯಾನುಗಳು ಕೆಳಮುಖವಾಗಿರುತ್ತವೆ. ಮೇಲಿನ ಕಾರ್ಡು ಉಸಿರೆಳೆಯುವುದು ಕೆಳಗಿನ ಕಾರ್ಡಿನ ಬೆನ್ನಿನಿಂದ. 3090ರ ಬೆನ್ನು ಬೇರೆ ಕಾರ್ಡುಗಳ ಹಾಗಲ್ಲ. ಅದರ 24 ಜಿಬಿ ಮೆಮೊರಿಯನ್ನು 24 ಚಿಪ್ಪುಗಳಾಗಿ ಹಂಚಿದ್ದಾರೆ, 12 ಮುಂದೆ, 12 ಹಿಂದೆ. ಹಿಂದಿನ ಆ ಹನ್ನೆರಡಕ್ಕೆ ಫ್ಯಾನೂ ಇಲ್ಲ, ಬಿಸಿ ಹೀರುವ ದೊಡ್ಡ ಲೋಹದ ಹೀಟ್‌ಸಿಂಕೂ ಇಲ್ಲ, ಬರೀ ಬ್ಯಾಕ್‌ಪ್ಲೇಟ್, ಅಂದರೆ ಬೆನ್ನಿನ ತಗಡು. ಹಾಗಾಗಿ ಕೆಳಗಿನ ಕಾರ್ಡಿನ ಬೆನ್ನು ಕಾದ ಕಾವಲಿಯಂತಿರುತ್ತದೆ, ಮೇಲಿನದು ಅದರ ಮೇಲಿನ ಗಾಳಿಯನ್ನೇ ಕುಡಿಯುತ್ತದೆ. ಈ ಮೆಮೊರಿ 110 ಡಿಗ್ರಿ ಮುಟ್ಟಿದಾಗ ಕಾರ್ಡು ವೇಗ ಕಡಿತ ಮಾಡುತ್ತದೆ. ನೀವು ಅದೇ ಅಂಚಿನಲ್ಲಿದ್ದೀರಿ. ಮುಖ್ಯ ಚಿಪ್ಪಿನ ಬಿಸಿ ಮಾತ್ರ ನೋಡುವವರಿಗೆ ಇದು ಕಾಣುವುದೇ ಇಲ್ಲ. ನೀವು ಮೆಮೊರಿಯನ್ನೂ ನೋಡಿದ್ದು ಒಳ್ಳೆಯದಾಯಿತು.

ಎರಡು ಕಾರ್ಡುಗಳ ನಡುವೆ ಒಂದು ಬೆರಳು ತೂರದಷ್ಟು ಜಾಗ ಇದ್ದರೆ, ಕೆಳಗಿನದನ್ನು ಇನ್ನೂ ಕೆಳಗಿನ ಸ್ಲಾಟಿಗೆ ಇಳಿಸಲು ಆಗುತ್ತದಾ ನೋಡಿ. ಆ ಸ್ಲಾಟು ಕಡಿಮೆ ವೇಗದ್ದು (ಎಕ್ಸ್4) ಅಂತ ಚಿಂತೆ ಬೇಡ. ರೆಂಡರ್‌ನಲ್ಲಿ ಸೀನು ಕಾರ್ಡಿನ ಮೆಮೊರಿಗೆ ಹೋಗಿ ಕೂತ ಮೇಲೆ ಆ ದಾರಿಯಲ್ಲಿ ಓಡಾಟ ತೀರಾ ಕಡಿಮೆ. ಸ್ಲಾಟ್ ಇಲ್ಲದಿದ್ದರೆ ಒಳ್ಳೆಯ ರೈಸರ್ ಕೇಬಲ್ (ಕಾರ್ಡನ್ನು ಸ್ಲಾಟಿನಿಂದ ದೂರ ಇಡಲು ಬಿಡುವ ಕೇಬಲ್) ಹಾಕಿ ಒಂದು ಕಾರ್ಡನ್ನು ನಿಲ್ಲಿಸಿ ಕೂರಿಸಬಹುದು. ಅದೂ ಆಗದಿದ್ದರೆ, ಕಾರ್ಡುಗಳ ಅಂಚಿನ ಕಡೆಯಿಂದ ನಡುವಿನ ಸಂದಿಗೆ ಊದುವಂತೆ ಒಂದು 120 ಮಿಲಿಮೀಟರ್ ಫ್ಯಾನು ಕಟ್ಟಿ. ಜೊತೆಗೆ ಕಾರ್ಡಿನ ಫ್ಯಾನುಗಳನ್ನು ಆಟೋದಲ್ಲಿ ಬಿಡಬೇಡಿ, ಕೆಲಸ ಮುಗಿಯುವವರೆಗೆ ವೇಗವನ್ನು ನೂರಕ್ಕೆ 75ಕ್ಕೆ ಕಟ್ಟಿಹಾಕಿ. ರಾತ್ರಿ ಆ ರೂಮಿನಲ್ಲಿ ಯಾರೂ ಮಲಗುವುದಿಲ್ಲ, ಸದ್ದಾದರೆ ಆಗಲಿ.

ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಆಗಿದ್ದರೆ ಒಳಗಿನ ಥರ್ಮಲ್ ಪ್ಯಾಡ್ (ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಮೆತ್ತನೆಯ ಪಟ್ಟಿ) ಒಣಗಿರುವುದೂ ಉಂಟು. ಲಿಮಿಟ್, ಗಾಳಿ ಎರಡೂ ಸರಿಯಾದ ಮೇಲೂ ಮೆಮೊರಿ ನೂರರ ಮೇಲೇ ಇದ್ದರೆ ಮಾತ್ರ ಅದನ್ನು ಬದಲಿಸಿ. ಸರಿಯಾದ ದಪ್ಪದ ಪ್ಯಾಡ್ ಬೇಕು. ಅರ್ಧ ಮಿಲಿಮೀಟರ್ ಜಾಸ್ತಿಯಾದರೂ ಚಿಪ್ಪಿಗೆ ಹೀಟ್‌ಸಿಂಕ್ ಸರಿಯಾಗಿ ಕೂರುವುದಿಲ್ಲ. ಎಸ್‌.ಪಿ. ರೋಡಿನಲ್ಲಿ ಪ್ಯಾಡ್ ಸಿಗುತ್ತದೆ, ನಿಮ್ಮ ಕಾರ್ಡಿನ ಮಾಡೆಲ್ಲಿಗೆ ಎಷ್ಟು ದಪ್ಪ ಅಂತ ಬರೆದುಕೊಂಡು ಹೋಗಿ.

ಧೂಳನ್ನೂ ನೋಡಿ. ನಮ್ಮ ಬಡಾವಣೆಗಳಲ್ಲಿ ಪಕ್ಕದಲ್ಲೊಂದು ಕಟ್ಟಡ ಏಳದ ವರ್ಷವಿಲ್ಲ. ಪಕ್ಕದ ಬಾಗಿಲು ತೆಗೆದಿಟ್ಟರೆ ಸಿಮೆಂಟಿನ ಧೂಳು ಸೀದಾ ಹೀಟ್‌ಸಿಂಕಿಗೆ ಹೋಗುತ್ತದೆ, ಜಿರಲೆ ಹಲ್ಲಿಗಳಿಗೂ ದಾರಿ. ಬಾಗಿಲು ಮುಚ್ಚಿ, ಮುಂದೆ ಫಿಲ್ಟರ್ ಹಾಕಿ, ಮೂರು ಫ್ಯಾನು ಒಳಗೆ, ಎರಡು ಹೊರಗೆ ಇರುವಂತೆ ಇಡಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಅದು ವಿಪರೀತ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಇನ್ನು ರೂಮು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಿಮಗೆ ಅತಿ ಹೆಚ್ಚು ಲಾಭ ಇಲ್ಲೇ ಇದೆ. 850 ವ್ಯಾಟ್ ಬಿಸಿಯನ್ನು, ರೂಮು ಹೊರಗಿಗಿಂತ ಐದೇ ಡಿಗ್ರಿ ಜಾಸ್ತಿ ಇರುವಂತೆ ಹೊರಹಾಕಬೇಕೆಂದರೆ, ನಮ್ಮ ಎತ್ತರದ ಗಾಳಿಯಲ್ಲಿ ಗಂಟೆಗೆ ಸುಮಾರು 580 ಘನ ಮೀಟರ್ ಗಾಳಿ ಬದಲಾಗಬೇಕು. ಎಂಟು ಡಿಗ್ರಿ ಪರವಾಗಿಲ್ಲ ಅಂದರೆ 360 ಸಾಕು. ಅಡುಗೆಮನೆಗೆ ಹಾಕುವ ಎಕ್ಸಾಸ್ಟ್ ಫ್ಯಾನಿನ ಡಬ್ಬದ ಮೇಲೆ ಏರ್ ಡೆಲಿವರಿ ಎಷ್ಟು ಸಿಎಂಎಚ್ ಅಂತ ಬರೆದಿರುತ್ತಾರೆ. ಅದೇ ಈ ಲೆಕ್ಕ, ಗಂಟೆಗೆ ಎಷ್ಟು ಘನ ಮೀಟರ್ ಅನ್ನುವುದು. ಡಬ್ಬದ ಮೇಲಿನ ಅಂಕಿ ಅಡ್ಡಿಯೇ ಇಲ್ಲದ ಜಾಗದ್ದು. ಜಾಲರಿ, ಸೊಳ್ಳೆ ಮೆಶ್ ಬಂದರೆ ತುಂಬಾ ಇಳಿಯುತ್ತದೆ. ಹಾಗಾಗಿ 800ರ ಆಸುಪಾಸಿನದ್ದನ್ನು ತನ್ನಿ.

ಅದನ್ನು ಕಿಟಕಿಯ ಮೇಲ್ಭಾಗದಲ್ಲಿ, ಮೆಷಿನ್ನಿನ ಬೆನ್ನು ಇರುವ ಕಡೆ ಕೂರಿಸಿ. ಗಾಳಿ ಒಳಗೆ ಬರುವ ದಾರಿ ಎದುರಿನ ಕಡೆ, ಕೆಳಗಿರಲಿ. ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಫ್ಯಾನು ಸುಮ್ನೆ ತಿರುಗುತ್ತದೆ ಅಷ್ಟೇ, ಒಳಗೆ ಬಂದಷ್ಟೇ ಗಾಳಿ ಹೊರಗೆ ಹೋಗುವುದು. ಬಾಗಿಲ ಸಂದಿಯಲ್ಲಿ ಒಂದು ಹಾಳೆ ಹಿಡಿದರೆ ಅದು ಒಳಕ್ಕೆ ಎಳೆದುಕೊಳ್ಳಬೇಕು. ಆ ದಾರಿಯಲ್ಲಿ ಗ್ಯಾಸ್ ಗೀಸರ್ ಇರುವ ಬಚ್ಚಲುಮನೆ ಮಾತ್ರ ಇರಬಾರದು. ಎಕ್ಸಾಸ್ಟ್ ಫ್ಯಾನು ಗೀಸರಿನ ಹೊಗೆಯನ್ನು ಮನೆಯೊಳಗೆ ಎಳೆದುಬಿಡುತ್ತದೆ, ಅದರಲ್ಲಿ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಪ್ರಾಣಕ್ಕೆ ಅಪಾಯ. ಹೊರಗಿನ ಕಿಟಕಿಗೆ ಮೆಶ್ ಹಾಕಿಸಿ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ಬೆಳಕಿಗೆ ಮುತ್ತುತ್ತವಲ್ಲ, ಆವತ್ತು ಕ್ಯಾಬಿನೆಟ್ಟಿನ ಬಣ್ಣದ ದೀಪಗಳನ್ನೂ ಆರಿಸಿಬಿಡಿ.

ಮೆಷಿನ್ನನ್ನು ಮೇಜಿನ ಕೆಳಗಿನ ಕಪಾಟಿನಿಂದ, ಪರದೆಯ ಹತ್ತಿರದಿಂದ ಈಚೆ ತನ್ನಿ. ಗೋಡೆಗೂ ಅದರ ಬೆನ್ನಿಗೂ ಒಂದಡಿ ಇರಲಿ.

ಎಸಿ ಬೇಕಾ ಅಂದಿರಿ. ಇಷ್ಟೆಲ್ಲ ಮಾಡಿದ ಮೇಲೆ ರಾತ್ರಿಗೆ ಬೇಡ. ಹಗಲಿಗೆ, ಅದೂ ಮಾರ್ಚಿನಿಂದ ಮೇ ತನಕ, ಇದ್ದರೆ ಒಳ್ಳೆಯದು. ಹೊರಗೇ 35 ಇರುವಾಗ ಕಿಟಕಿಯ ಗಾಳಿ 35ಕ್ಕಿಂತ ಕೆಳಗೆ ತರಲಾರದು. ಒಂದು ಟನ್ ಎಸಿ ಮೂರೂವರೆ ಕಿಲೋವ್ಯಾಟ್ ಬಿಸಿ ಎತ್ತುತ್ತದೆ, ನಿಮ್ಮ ಮೆಷಿನ್ನಿನ ಪಾಲು ಅದರಲ್ಲಿ ಕಾಲು ಭಾಗವೂ ಇಲ್ಲ. 18ಕ್ಕೆ ಇಡಬೇಡಿ, 26 ಸಾಕು. ಎಸಿ ಇಲ್ಲದಿದ್ದರೆ ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಮೆಷಿನ್ನಿಗೆ ರಜೆ ಕೊಡಿ. ನೀರಿನ ಏರ್ ಕೂಲರ್ ಮಾತ್ರ ಆ ರೂಮಿಗೆ ತರಬೇಡಿ. ಅದರ ತೇವ ಗಾಳಿಗೆ ಧೂಳು ಬೆರೆತು ಬೋರ್ಡಿನ ಮೇಲೆ ಪದರ ಕಟ್ಟುತ್ತದೆ.

ವಾಟರ್ ಕೂಲಿಂಗ್ ನಿಮಗೆ ಬೇಡವೇ ಬೇಡ. ಚಿಪ್ಪಿನ ಬಿಸಿಯನ್ನು ಅದು ರೇಡಿಯೇಟರಿಗೆ ಒಯ್ಯುತ್ತದೆ, ರೇಡಿಯೇಟರು ಅದೇ ರೂಮಿಗೆ ಬಿಡುತ್ತದೆ. ನೀವು ತಿಪಟೂರಿನಲ್ಲಿರುವಾಗ ಪಂಪು ನಿಂತರೆ, ಫಿಟಿಂಗ್ ಸೋರಿದರೆ ನೋಡುವವರಿಲ್ಲ.

ವೈರಿಂಗ್ ಬಗ್ಗೆ ನೀವು ಕೇಳಲಿಲ್ಲ. ನಾನು ಹೇಳದೆ ಬಿಡುವುದಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಆಫೀಸಿನಲ್ಲಿ ಮೂರು ಕಾರ್ಡಿನ ಮೆಷಿನ್ನನ್ನು ಸಾಧಾರಣ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದ್ದೆವು. ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಸಾಕೆಟ್ಟಿನ ಒಳಗಿನ ಪ್ಲಾಸ್ಟಿಕ್ ಕರಗಿ ಪಿನ್ನಿಗೆ ಅಂಟಿಕೊಂಡಿತ್ತು. ಬೆಂಕಿ ಹತ್ತಲಿಲ್ಲ, ಆದರೆ ಆ ದಿನದ ಭಯ ನನಗೆ ಇನ್ನೂ ಹೋಗಿಲ್ಲ. ಆರು ಆಂಪಿಯರ್ ಪ್ಲಗ್ಗಿನ ಮಿತಿ, 230 ವೋಲ್ಟಿಗೆ, 1380 ವ್ಯಾಟ್. ಸಡಿಲವಾದ ಹಳೆಯ ಸಾಕೆಟ್ಟು ಅದಕ್ಕಿಂತ ಎಷ್ಟೋ ಮೊದಲೇ ಕಾಯುತ್ತದೆ. ಗಂಟೆಗಟ್ಟಲೆ ಒಂದೇ ಸಮ ಎಳೆಯುವ ಲೋಡು ಇಸ್ತ್ರಿ ಪೆಟ್ಟಿಗೆಯಂತಲ್ಲ, ಅದು ನಡುನಡುವೆ ಆರುತ್ತದೆ, ಇದು ಆರುವುದಿಲ್ಲ. 16 ಆಂಪಿಯರ್ ಪವರ್ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿ, ಅರ್ಥಿಂಗ್ ಸರಿ ಇದೆಯಾ ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿ. ಎರಡು ಗಂಟೆ ಓಡಿದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬಿಸಿ ತಾಗಿದರೆ ಅಲ್ಲಿಗೇ ನಿಲ್ಲಿಸಿ.

ಕ್ಯಾಬಿನೆಟ್ಟಿನ ಒಳಗೂ ಇದೇ ಮಾತು. ಕಾರ್ಡಿನ ಪ್ರತಿಯೊಂದು ಎಂಟು ಪಿನ್ ಕಿಂಡಿಗೂ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಕೇಬಲ್ ಬರಲಿ. ಒಂದೇ ಕೇಬಲ್ಲಿನ ಎರಡು ಬಾಲ ಬಳಸಬೇಡಿ. 3090 ಕ್ಷಣಮಾತ್ರ 350ಕ್ಕಿಂತ ತುಂಬಾ ಮೇಲೆ ಜಿಗಿಯುತ್ತದೆ. ಎರಡೂ ಒಟ್ಟಿಗೆ ಜಿಗಿದರೆ 1000 ವ್ಯಾಟ್ ಎಸ್‌ಎಂಪಿಎಸ್ ಟ್ರಿಪ್ ಆಗಬಹುದು. ಆಗ ಮೆಷಿನ್ ಪ್ಲಗ್ ಕಿತ್ತಂತೆ ಆರಿಹೋಗುತ್ತದೆ. ನಿಮ್ಮದು ಆರಿರಲಿಲ್ಲ, ಸ್ಕ್ರೀನ್ ನಿಂತಿತ್ತು. ಅದಕ್ಕೇ ನನಗೆ ಮೆಮೊರಿಯ ಬಿಸಿಯ ಮೇಲೆ, ಅದರಿಂದ ಬಿದ್ದುಹೋದ ಡ್ರೈವರಿನ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಮೇಲೆ ಅನುಮಾನ ಜಾಸ್ತಿ.

ಮನೆಯ ಇನ್ವರ್ಟರಿಗೆ ಇದನ್ನು ಸೇರಿಸಬೇಡಿ, ಅದರ ಕೈಲಾಗುವ ಲೋಡಲ್ಲ. ಯುಪಿಎಸ್ ಕೊಂಡರೆ ವಿಎ ಅಲ್ಲ, ವ್ಯಾಟ್ ನೋಡಿ ಕೊಳ್ಳಿ. ಕರೆಂಟು ಹೋದಾಗ ಐದು ನಿಮಿಷ ಹಿಡಿದು ಮೆಷಿನ್ನನ್ನು ಸರಿಯಾಗಿ ಆರಿಸಿದರೆ ಸಾಕು. ಮೆಷಿನ್ನಿನ ಬಯೋಸ್ ಸೆಟ್ಟಿಂಗ್‌ನಲ್ಲಿ, ಕರೆಂಟು ಬಂದೊಡನೆ ತಾನೇ ಆನ್ ಆಗುವುದನ್ನು ತೆಗೆದುಬಿಡಿ. ಮನೆಯಲ್ಲಿ ಯಾರೂ ಇಲ್ಲದಿರುವಾಗ ಆರಿದ್ದು ಆರಿಯೇ ಇರಲಿ.

ಹಾಗೆ ಆರಿದರೂ ಕೆಲಸ ಹಾಳಾಗಬಾರದು ಅಂದರೆ, ನೇರವಾಗಿ ವಿಡಿಯೋಗೆ ರೆಂಡರ್ ಮಾಡುವುದನ್ನು ಇವತ್ತೇ ಬಿಡಿ. ನಿಮ್ಮ 120 ಫ್ರೇಮ್‌ಗಳು ಹೋದದ್ದು ಬಿಸಿಯಿಂದಲ್ಲ, ಇದರಿಂದ. ಪಿಎನ್‌ಜಿ ಅಥವಾ ಓಪನ್ ಇಎಕ್ಸ್‌ಆರ್ ಚಿತ್ರಗಳ ಸಾಲಾಗಿ ತೆಗೆಯಿರಿ. ಔಟ್‌ಪುಟ್‌ನಲ್ಲಿ ಓವರ್‌ರೈಟ್ ಟಿಕ್ ತೆಗೆದರೆ, ಮತ್ತೆ ಹಚ್ಚಿದಾಗ ಆದ ಫ್ರೇಮ್ ಬಿಟ್ಟು ಮುಂದಿನದರಿಂದ ಶುರುವಾಗುತ್ತದೆ. ಪ್ಲೇಸ್‌ಹೋಲ್ಡರ್ (ಫ್ರೇಮ್ ಶುರುವಾದೊಡನೆ ಅದರ ಹೆಸರಿನ ಖಾಲಿ ಫೈಲ್ ಇಡುವುದು) ಟಿಕ್ ಹಾಕಿದ್ದರೆ ಒಂದು ಎಚ್ಚರ: ನಡುವೆ ನಿಂತ ಫ್ರೇಮ್ ಖಾಲಿ ಫೈಲಾಗಿ ಉಳಿದಿರುತ್ತದೆ, ಅಳಿಸದಿದ್ದರೆ ಬ್ಲೆಂಡರ್ ಅದನ್ನು ಮುಗಿದದ್ದೆಂದು ಹಾರಿಬಿಡುತ್ತದೆ. ನಿಮ್ಮ ರ‍್ಯಾಮ್ ಸಾಲುವುದಾದರೆ ಬ್ಲೆಂಡರನ್ನು ಎರಡು ಸಲ ತೆರೆದು, ಒಂದೊಂದಕ್ಕೆ ಒಂದೊಂದು ಕಾರ್ಡ್ ಕೊಡಿ. ಆಗ ಒಂದೇ ಫ್ರೇಮನ್ನು ಎರಡೂ ಮಾಡದಿರಲು ಪ್ಲೇಸ್‌ಹೋಲ್ಡರ್ ಬೇಕೇ ಬೇಕು. ಒಂದು ಬಿದ್ದರೂ ಸಾಮಾನ್ಯವಾಗಿ ಇನ್ನೊಂದು ಓಡುತ್ತಿರುತ್ತದೆ.

ಚಿತ್ರಗಳ ಸಾಲಿನಿಂದ ಇನ್ನೊಂದು ಲಾಭ ಇದೆ. ಫೈಲುಗಳ ಸಮಯ ನೋಡಿದರೆ ರಾತ್ರಿ ಏನಾಯಿತೆಂದು ಗೊತ್ತಾಗುತ್ತದೆ. ಸೀನು ಭಾರವಾಗದೆಯೇ ಎರಡೂವರೆ ನಿಮಿಷ ನಿಧಾನವಾಗಿ ಮೂರಕ್ಕೆ, ಮೂರೂಕಾಲಿಗೆ ಏರಿದ್ದರೆ ಅದು ಬಿಸಿ. ಎಲ್ಲ ಒಂದೇ ಸಮ ಇದ್ದು ಒಮ್ಮೆಲೇ ನಿಂತಿದ್ದರೆ ಕಾರಣ ಬೇರೆ ಕಡೆ ಹುಡುಕಿ. ವಿಂಡೋಸ್ ಅಪ್‌ಡೇಟನ್ನೂ ಒಂದು ವಾರ ನಿಲ್ಲಿಸಿಡಿ, ಬೆಳಗಿನ ಜಾವ ಅದು ತಾನೇ ರೀಸ್ಟಾರ್ಟ್ ಮಾಡಿದ್ದನ್ನು ಎಷ್ಟೋ ಜನ ಬಿಸಿ ಎಂದುಕೊಳ್ಳುತ್ತಾರೆ.

ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್‌ನಲ್ಲಿ ಒಂದು ಮಿತಿ ಮೀರಿದಾಗ ನೀವು ಹೇಳಿದ ಪ್ರೋಗ್ರಾಂ ಓಡುವಂತೆ ಅಲರ್ಟ್ ಇಡಬಹುದು. ಚಿಪ್ಪಿಗೆ 84, ಮೆಮೊರಿಗೆ 104 ಇಟ್ಟು, ಮೀರಿದರೆ ಮೆಷಿನ್ ಶಟ್‌ಡೌನ್ ಆಗುವಂತೆ ಮಾಡಿ. ಎಕ್ಸಾಸ್ಟ್ ಫ್ಯಾನು ಕೈಕೊಟ್ಟ ರಾತ್ರಿ ಇದು ಕಾಯುತ್ತದೆ. ಅದು ನಿಜವಾಗಿ ಕೆಲಸ ಮಾಡುತ್ತದಾ ಎಂದು ಮಿತಿಯನ್ನು 60ಕ್ಕೆ ಇಳಿಸಿ ಒಮ್ಮೆ ನೋಡಿಕೊಳ್ಳಿ.

ಖರ್ಚಿನ ಮಾತೂ ಹೇಳಿಬಿಡುತ್ತೇನೆ. 850 ವ್ಯಾಟಿನಲ್ಲಿ ನಲವತ್ತು ಗಂಟೆಗೆ 34 ಯೂನಿಟ್. ಗೃಹಜ್ಯೋತಿಯಲ್ಲಿದ್ದರೆ ತಿಂಗಳಿಗೆ 200 ಯೂನಿಟ್ ದಾಟಿದಾಗ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಇಂಥ ಐದಾರು ಕೆಲಸಕ್ಕೆ ನೀವು ಅಲ್ಲಿಗೆ ತಲುಪುತ್ತೀರಿ. ಗಿರಾಕಿಗೆ ಕೊಡುವ ರೇಟಿನಲ್ಲಿ ಅದನ್ನು ಸೇರಿಸಿಕೊಳ್ಳಿ.

ಊರಿಗೆ ಹೋಗಬಹುದಾ ಅಂದಿರಿ. ಈ ಶುಕ್ರವಾರ ಬೇಡ. ಈ ವಾರ ಲಿಮಿಟ್ ಹಾಕಿ, ಫ್ಯಾನು ಕೂರಿಸಿ, ಸೀನಿನಲ್ಲಿ ಅತಿ ಭಾರದ ಭಾಗವನ್ನು ಒಂದು ಇಡೀ ರಾತ್ರಿ ಓಡಿಸಿ. ಮೊದಲ ಅರ್ಧ ಗಂಟೆಯ ಅಂಕಿ ನಂಬಬೇಡಿ. ಗೋಡೆಗಳು ಕಾದು ರೂಮು ಒಂದು ನೆಲೆಗೆ ಬರಲು ಎರಡು ಮೂರು ಗಂಟೆ ಬೇಕು. ಮೂರನೇ ಗಂಟೆಯ ಹೊತ್ತಿಗೆ ಚಿಪ್ಪು 75ರ ಒಳಗೆ, ಮೆಮೊರಿ 96ರ ಒಳಗೆ ಇದ್ದು, ಬೆಳಿಗ್ಗೆಯೂ ಹಾಗೇ ಇದ್ದರೆ ಸರಿ. ಅದರ ಮುಂದಿನ ವಾರ, ಸಂಜೆ ಆರರಿಂದ ಬೆಳಿಗ್ಗೆ ಹತ್ತರವರೆಗೆ ಓಡುವಂತೆ ಫ್ರೇಮ್‌ಗಳನ್ನು ಭಾಗ ಮಾಡಿ ಹಚ್ಚಿಟ್ಟು ಹೊರಡಿ. ರೂಮಿನ ಎಂಸಿಬಿ ಯಾವುದೆಂದು ಚೀಟಿ ಅಂಟಿಸಿ, ನೀವು ನಂಬುವ ಪಕ್ಕದ ಮನೆಯವರಿಗೆ ತೋರಿಸಿ, ಕೀಲಿ ಕೊಟ್ಟು ಹೋಗಿ. ವಾಸನೆ ಬಂದರೆ, ಹೊಗೆ ಕಂಡರೆ ನಿಮಗೆ ಫೋನ್ ಮಾಡುವ ಮುಂಚೆಯೇ ಅದನ್ನು ಕೆಳಗೆ ಒತ್ತಲು ಹೇಳಿ.